ಉಗ್ರಾಣದಲ್ಲಿ ಹುಟ್ಟಿದ ಗಾನ

ಗ್ರಾಮಫೋನ್ ತಟ್ಟೆಯನ್ನು ತಿರುಗಿಸುವುದೂ ಒಂದು ವಿದ್ಯೆಯೆ ಎಂದು ನಮ್ಮ ವಾಚಕರಲ್ಲಿ ಅನೇಕರು ಕೇಳಬಹುದು. ಹಾಡುವವರು ಬೇರೆ, ವಾದ್ಯ ನುಡಿಸುವವರು ಬೇರೆ, ತಟ್ಟೆಯನ್ನು ಅಚ್ಚುಮಾಡಿದ ಕಂಪೆನಿ ಬೇರೆ. ಮುಳ್ಳನ್ನು ತಟ್ಟೆಯ ಮೇಲಿಡುವುದಷ್ಟೇ ಕೆಲಸವಾದವನಿಗೆ ಕಲಾವಿದನೆಂಬ ಹೆಸರೇಕೆ? ಮನೆಯ ಹುಡುಗರು ‘ಡಿ.ಜೆ.’ ಎಂಬ ಎರಡಕ್ಷರಗಳನ್ನು ಗೌರವದಿಂದ ಉಚ್ಚರಿಸುವಾಗ ಹಿರಿಯರ ಮುಖದಲ್ಲಿ ಈ ಪ್ರಶ್ನೆಯೇ ಕಾಣುವುದು. ಮದುವೆಯ ಮೆರವಣಿಗೆಯಲ್ಲಿಯೂ ಗಣೇಶನನ್ನು ಕಳುಹಿಸುವ ದಿನದಲ್ಲಿಯೂ ಆ ಹೆಸರಿನಿಂದ ಬೀದಿಯನ್ನು ನಡುಗಿಸುವ ಸದ್ದನ್ನು ಕೇಳಿ ಬೇಸತ್ತವರಿಗಂತೂ ಅದರ ಮಾತೇ ಬೇಡವಾಗಿದೆ.

ಈ ಬೇಸರದಲ್ಲಿ ನ್ಯಾಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಒಂದೇ ಹೆಸರಿನ ಕೆಳಗೆ ಹಲವು ವಸ್ತುಗಳು ಸೇರಿಕೊಂಡಿರುವಾಗ ಒಂದರ ದೋಷವನ್ನು ಮತ್ತೊಂದರ ಮೇಲೆ ಹೊರಿಸುವುದು ವಿವೇಕವಲ್ಲ. ಅಮೆರಿಕದಲ್ಲಿ ‘ಸೋಲ್‌ಫುಲ್ ಹೌಸ್’ ಎಂದು ಕರೆಯಿಸಿಕೊಳ್ಳುವ ಒಂದು ಬಗೆಯ ಸಂಗೀತವುಂಟು. ಸೋಲ್ ಎಂದರೆ ಆತ್ಮ, ಹೌಸ್ ಎಂದರೆ ಮನೆ. ಕುಣಿಯುವುದಕ್ಕೆ ಒಪ್ಪುವ ತಾಳದ ಮೇಲೆ ಎದೆ ತುಂಬಿ ಹಾಡುವ ಕಂಠವನ್ನು ನಿಲ್ಲಿಸುವುದು ಅದರ ಲಕ್ಷಣ. ಅದನ್ನು ಹುಟ್ಟಿಸಿ ಬೆಳೆಯಿಸಿದವರು ಬಹುಮಟ್ಟಿಗೆ ಈ ತಟ್ಟೆ ತಿರುಗಿಸುವವರೇ. ಅವರ ಬಾಳನ್ನು ಪರಿಶೀಲಿಸಿದರೆ ಅವರದು ಸದ್ದು ಮಾಡುವ ವಿದ್ಯೆಯಲ್ಲ, ಆತಿಥ್ಯದ ವಿದ್ಯೆ ಎಂದು ನಮಗೆ ತೋರುತ್ತದೆ. ಊರು ಹೊರಗಿಟ್ಟ ಜನಕ್ಕೆ ಅವರು ಒಂದು ರಾತ್ರಿಯ ಮಟ್ಟಿಗಾದರೂ ಮನೆಯನ್ನು ಕಟ್ಟಿಕೊಟ್ಟರು.

ವಿದ್ಯೆಯ ಸ್ವರೂಪ

ಮೊದಲು ಕೆಲಸದ ರೀತಿಯನ್ನು ತಿಳಿಯೋಣ. ಡಿ.ಜೆ.ಯ ಮುಂದೆ ತಟ್ಟೆ ತಿರುಗಿಸುವ ಯಂತ್ರಗಳು ಎರಡು. ಅವುಗಳ ನಡುವೆ ಎರಡರ ಧ್ವನಿಯನ್ನೂ ಬೆರೆಸುವ ‘ಮಿಕ್ಸರ್’ ಒಂದು. ಮೊದಲನೆಯ ತಟ್ಟೆಯ ಹಾಡು ಸಭೆಗೆ ಕೇಳುತ್ತಿರುವಾಗಲೇ ಎರಡನೆಯದನ್ನು ಅವನು ತನ್ನ ಕಿವಿಗೆ ಮಾತ್ರ ಕೇಳುವಂತೆ ಹೆಡ್‌ಫೋನಿನಲ್ಲಿ ಇಟ್ಟುಕೊಳ್ಳುವನು. ಎರಡರ ಲಯವೂ ಒಂದಾಗುವಂತೆ ವೇಗವನ್ನು ಕೂದಲೆಳೆಯಷ್ಟು ಹೆಚ್ಚು ಕಡಮೆ ಮಾಡಿ, ಒಂದು ಹಾಡು ಮುಗಿಯುವ ಮುನ್ನವೇ ಇನ್ನೊಂದನ್ನು ಅದರೊಳಕ್ಕೆ ಹೊಗಿಸುವನು. ಕುಣಿಯುವವರ ಕಾಲು ಎಲ್ಲಿಯೂ ತಡವರಿಸಬಾರದು. ಜಪಾನಿನ ಟೆಕ್ನಿಕ್ಸ್ ಹೆಸರಿನ ಎಸ್.ಎಲ್. ೧೨೦೦ ಎಂಬ ಯಂತ್ರವು ೧೯೭೨ರಲ್ಲಿ ಹೊರಬಂದಿತು. ೧೯೭೯ರಲ್ಲಿ ಬಂದ ಅದರ ಪರಿಷ್ಕೃತ ರೂಪದಲ್ಲಿ ಒಂದು ಗುಂಡಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ವೇಗವನ್ನು ನೂರಕ್ಕೆ ೮ರಷ್ಟು ಏರಿಸಬಹುದಾಗಿತ್ತು, ಇಳಿಸಬಹುದಾಗಿತ್ತು. ಅದು ಈ ಕಸುಬಿನವರ ಮುಖ್ಯ ಸಾಧನವಾಯಿತು. ಈಚೆಗೆ ತಟ್ಟೆಯ ಸ್ಥಾನಕ್ಕೆ ಕಂಪ್ಯೂಟರು ಬಂದಿದ್ದರೂ ಕೆಲಸದ ಕ್ರಮ ಇದೇ.

ಆದರೆ ಯಂತ್ರವನ್ನು ಹಣವಿದ್ದವರು ಯಾರಾದರೂ ಕೊಳ್ಳಬಹುದು. ಮುಂದೆ ಯಾವ ಹಾಡನ್ನು ಹಾಕಬೇಕೆಂಬುದರಲ್ಲಿಯೇ ವಿದ್ಯೆಯ ಮರ್ಮವಿರುವುದು. ಸಭೆ ಬಳಲಿದೆಯೆ, ಉಬ್ಬಿದೆಯೆ, ಅದಕ್ಕೆ ಈಗ ಬೇಕಾದುದು ಸಮಾಧಾನವೆ, ಉತ್ಸಾಹವೆ ಎಂಬುದನ್ನು ಕಣ್ಣಿನಿಂದ ಅಳೆದು, ಇರುಳನ್ನೆಲ್ಲ ಒಂದೇ ಕಥೆಯಂತೆ ನಡೆಯಿಸಬೇಕು. ನಮ್ಮ ಕರಾವಳಿಯಲ್ಲಿ ಆಟದ ಭಾಗವತರು ಚೌಕಿಯ ಪೂಜೆಯಿಂದ ಬೆಳಗಿನ ಮಂಗಳದವರೆಗೆ ಜನರ ಮನಸ್ಸನ್ನು ಕೈಯಲ್ಲಿ ಹಿಡಿದು ಒಯ್ಯುವುದನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಅನಾಥಾಲಯದ ಬಲೂನುಗಳು

ಈ ಪರಂಪರೆಯ ಮೊದಲಿಗೆ ನಿಲ್ಲುವವರು ಡೇವಿಡ್ ಮ್ಯಾನ್ಕುಸೊ. ಅವರು ಹುಟ್ಟಿದುದು ೧೯೪೪ರಲ್ಲಿ, ನ್ಯೂಯಾರ್ಕ್ ರಾಜ್ಯದ ಯುಟಿಕ ಎಂಬ ಊರಿನಲ್ಲಿ. ಶೈಶವವನ್ನು ಕಳೆದುದು ಅನಾಥಾಲಯದಲ್ಲಿ. ಅಲ್ಲಿ ಸಿಸ್ಟರ್ ಅಲಿಷಿಯ ಎಂಬ ಸನ್ಯಾಸಿನಿ ಮಕ್ಕಳಿಗಾಗಿ ಕೋಣೆಯಲ್ಲಿ ಬಲೂನುಗಳನ್ನು ಕಟ್ಟಿ, ತಿಂಡಿಯನ್ನಿಟ್ಟು, ಗ್ರಾಮಫೋನು ಹಾಕುತ್ತಿದ್ದರು. ಬೆಳೆದು ನ್ಯೂಯಾರ್ಕ್ ನಗರಕ್ಕೆ ಬಂದ ಮೇಲೆ, ೧೯೭೦ರ ಫೆಬ್ರವರಿ ೧೪ರಂದು ಮ್ಯಾನ್ಕುಸೊ ಬ್ರಾಡ್‌ವೇ ಬೀದಿಯ ತಮ್ಮ ವಾಸದ ಅಟ್ಟಕ್ಕೆ ಗೆಳೆಯರನ್ನು ಕರೆದು ಅಂಥದೇ ಕೂಟವನ್ನು ನಡೆಯಿಸಿದರು. ‘ಲಾಫ್ಟ್’ ಎಂದು ಹೆಸರಾದ ಆ ಕೂಟದಲ್ಲಿ ಮದ್ಯವನ್ನು ಮಾರುತ್ತಿರಲಿಲ್ಲ. ಹಣ್ಣು, ಪಾನಕ, ತಿಂಡಿಗಳು ಬಂದವರಿಗೆಲ್ಲ ಸಿಕ್ಕುತ್ತಿದ್ದುವು. ಕರೆಯೋಲೆ ಪಡೆದವರು ಮಾತ್ರ ಬರಬಹುದು. ಆದರೆ ಬಂದವರಲ್ಲಿ ಬಿಳಿಯರು, ಕಪ್ಪುಜನರು, ಬಡವರು, ಬಲ್ಲಿದರು ಎಂಬ ಭೇದವಿಲ್ಲ. ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿಯಾಗಿ ಕೇಳಿಸಬೇಕು, ಧ್ವನಿ ಗಟ್ಟಿಯಾಗಿರುವುದಕ್ಕಿಂತ ಶುದ್ಧವಾಗಿರಬೇಕು ಎಂಬುದು ಅವರ ವ್ರತವಾಗಿತ್ತು. ೨೦೧೬ರಲ್ಲಿ ಅವರು ತೀರಿಕೊಂಡಾಗ ತಮ್ಮನ್ನು ಅವರ ಶಿಷ್ಯರೆಂದು ಭಾವಿಸುವವರು ಹಲವು ದೇಶಗಳಲ್ಲಿದ್ದರು.

ಇಬ್ಬರು ಗೆಳೆಯರು

ಆ ಅಟ್ಟದಲ್ಲಿ ಕುಣಿದು ಕಿವಿಯನ್ನು ಹದಮಾಡಿಕೊಂಡವರಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬರು ಬ್ರೂಕ್‌ಲಿನ್ನಿನಲ್ಲಿ ೧೯೫೪ರಲ್ಲಿ ಹುಟ್ಟಿದ ಲ್ಯಾರಿ ಲೆವ್ಯಾನ್; ಇನ್ನೊಬ್ಬರು ಬ್ರಾಂಕ್ಸಿನಲ್ಲಿ ೧೯೫೫ರಲ್ಲಿ ಹುಟ್ಟಿದ ಫ್ರ್ಯಾಂಕಿ ನಕಲ್ಸ್. ಹದಿಹರೆಯದಲ್ಲಿಯೇ ಅವರು ಅಗಲದ ಜೊತೆಗಾರರಾದರು. ನಿಕ್ಕಿ ಸಿಯಾನೊ ಎಂಬವರ ‘ಗ್ಯಾಲರಿ’ ಎಂಬ ನರ್ತನಶಾಲೆಯಲ್ಲಿ ಅವರಿಗೆ ದೊರೆತ ಮೊದಲ ಕೆಲಸ ಬಲೂನು ಊದುವುದು, ಅಲಂಕಾರ ಮಾಡುವುದು, ತಿಂಡಿಯ ಮೇಜನ್ನು ಅಣಿಗೊಳಿಸುವುದು. ಸಂಗೀತಕ್ಕೆ ಕೈಯಿಡುವ ಮೊದಲು ಅವರು ಅತಿಥಿಸತ್ಕಾರವನ್ನು ಕಲಿತರೆಂಬುದನ್ನು ವಾಚಕರು ಗಮನಿಸಬೇಕು. ತರುವಾಯ ‘ಕಾಂಟಿನೆಂಟಲ್ ಬಾತ್ಸ್’ ಎಂಬ ಸ್ನಾನಗೃಹದ ನರ್ತನಶಾಲೆಯಲ್ಲಿ ಇಬ್ಬರೂ ತಟ್ಟೆ ಹಾಕುವ ಕೆಲಸಕ್ಕೆ ಸೇರಿದರು.

ಆಗ ಷಿಕಾಗೊ ನಗರದಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬವರು ಹೊಸದಾಗಿ ಒಂದು ನರ್ತನಶಾಲೆಯನ್ನು ತೆರೆಯುವುದರಲ್ಲಿದ್ದರು. ಅವರು ಮೊದಲು ಕರೆದುದು ಲೆವ್ಯಾನರನ್ನು. ಅವರು ನ್ಯೂಯಾರ್ಕನ್ನು ಬಿಡಲೊಲ್ಲದೆ ಹೋದುದರಿಂದ ಆ ಕರೆ ನಕಲ್ಸರಿಗೆ ಬಂದಿತು. ೧೯೭೭ರಲ್ಲಿ ನಕಲ್ಸರು ಷಿಕಾಗೊ ಸೇರಿದರು. ಒಂದೇ ಬಳ್ಳಿಯ ಎರಡು ಕುಡಿಗಳು ಹೀಗೆ ಬೇರೆಬೇರೆ ಚಪ್ಪರಗಳಿಗೆ ಹಬ್ಬಿದುವು.

ಲೆವ್ಯಾನರಿಗೆ ನ್ಯೂಯಾರ್ಕಿನ ಕಿಂಗ್ ಸ್ಟ್ರೀಟಿನಲ್ಲಿ, ಮೊದಲು ಮೋಟಾರುಗಳನ್ನು ನಿಲ್ಲಿಸುತ್ತಿದ್ದ ಕಟ್ಟಡವೊಂದರಲ್ಲಿ, ‘ಪ್ಯಾರಡೈಸ್ ಗರಾಜ್’ ಎಂಬ ಶಾಲೆ ದೊರೆಯಿತು. ರಿಚರ್ಡ್ ಲಾಂಗ್ ಎಂಬ ತಜ್ಞರು ಅಲ್ಲಿ ಕಟ್ಟಿದ ಧ್ವನಿವ್ಯವಸ್ಥೆ ಆ ಕಾಲದಲ್ಲಿ ಎಣೆಯಿಲ್ಲದುದೆನಿಸಿತ್ತು. ಇಲ್ಲಿಯೂ ಮದ್ಯದ ಮಾರಾಟವಿರಲಿಲ್ಲ. ಸಭೆ ಕಾದು ನಿಂತಿರುವಾಗಲೇ ಲೆವ್ಯಾನರು ಏಣಿ ಹತ್ತಿ, ಮೇಲೆ ತೂಗುವ ಕನ್ನಡಿಯ ಗೋಳದ ಧೂಳೊರಸುತ್ತಿದ್ದರೆಂದು ಅಲ್ಲಿಗೆ ಹೋಗುತ್ತಿದ್ದವರು ನೆನೆಯುತ್ತಾರೆ. ಮನೆಯ ಯಜಮಾನನ ಆ ಅಕ್ಕರೆಯೇ ಅವರ ಸಂಗೀತದಲ್ಲಿಯೂ ಇದ್ದಿತು. ಭಕ್ತಿಗೀತದಂಥ ಹಾಡು, ಬ್ಲೂಸ್, ರೆಗೇ, ರಾಕ್ ಎಂಬ ಭೇದವೆಣಿಸದೆ ಹೃದಯಕ್ಕೆ ತಟ್ಟುವುದನ್ನೆಲ್ಲ ಅವರು ಒಂದೇ ಸರದಲ್ಲಿ ಪೋಣಿಸುತ್ತಿದ್ದರು.

ಆದರೆ ಅತಿಥಿಗಳನ್ನು ಕಾಪಾಡಿದವರಿಗೆ ತಮ್ಮನ್ನು ಕಾಪಾಡಿಕೊಳ್ಳುವುದಕ್ಕಾಗಲಿಲ್ಲ. ಗರಾಜು ೧೯೮೭ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅದರ ಒಡೆಯ ಮೈಕೇಲ್ ಬ್ರೋಡಿ ಅದೇ ವರ್ಷ ಏಡ್ಸ್ ರೋಗದಿಂದ ತೀರಿಕೊಂಡರು. ಆ ದಶಕದಲ್ಲಿ ಆ ರೋಗ ಈ ಕೂಟಗಳಿಂದ ಎಷ್ಟೋ ತರುಣರನ್ನು ಎಳೆದುಕೊಂಡು ಹೋಯಿತು. ಮನೆ ಕಳೆದುಕೊಂಡ ಲೆವ್ಯಾನರು ಮಾದಕಪದಾರ್ಥಗಳ ಚಟಕ್ಕೆ ಮತ್ತಷ್ಟು ವಶರಾದರು. ೧೯೯೨ರಲ್ಲಿ ಜಪಾನಿನಲ್ಲಿ ಸಂಚರಿಸಿ ಬಂದ ಸ್ವಲ್ಪಕಾಲದಲ್ಲಿಯೇ, ನವೆಂಬರ್ ೮ರಂದು, ಹೃದಯ ನಿಂತು ಅವರು ಕಾಲವಾದರು. ಆಗ ಅವರಿಗೆ ೩೮ ವರ್ಷ.

ಉಗ್ರಾಣವೂ ಬೆಂಕಿಯೂ

ಷಿಕಾಗೊ ನಗರದಲ್ಲಿ ನಕಲ್ಸರಿಗೆ ದೊರೆತ ಶಾಲೆ ಸೌತ್ ಜೆಫರ್ಸನ್ ಸ್ಟ್ರೀಟಿನ ೨೦೬ನೆಯ ನಂಬರಿನ ಹಳೆಯ ಕಟ್ಟಡ. ಅದರ ಹೆಸರು ‘ವೇರ್‌ಹೌಸ್’, ಎಂದರೆ ಉಗ್ರಾಣ. ಅಲ್ಲಿಗೆ ಬರುತ್ತಿದ್ದವರು ಬಹುಮಟ್ಟಿಗೆ ಕಪ್ಪುಜನರು, ಸ್ಪ್ಯಾನಿಷ್ ನುಡಿಯ ವಲಸಿಗರು. ಅವರಲ್ಲಿಯೂ ಬಹುಮಂದಿ, ನಕಲ್ಸ್ ಮತ್ತು ಲೆವ್ಯಾನರಂತೆಯೇ, ಸ್ವಲಿಂಗಪ್ರೇಮಿಗಳು. ಬಣ್ಣದ ಕಾರಣದಿಂದ ಊರಿನವರೂ, ಪ್ರಕೃತಿಯ ಕಾರಣದಿಂದ ಅನೇಕ ವೇಳೆ ಹೆತ್ತವರೂ ಚರ್ಚಿನವರೂ ಅವರನ್ನು ದೂರವಿಟ್ಟಿದ್ದರು. ಆ ಉಗ್ರಾಣವನ್ನು ನಕಲ್ಸರು, ಅನುಗ್ರಹದಿಂದ ಜಾರಿಬಿದ್ದವರ ಪಾಲಿನ ಚರ್ಚು ಎಂದು ಕರೆಯುತ್ತಿದ್ದರು. ಕೆಲವು ರಾತ್ರಿ ದೀಪಗಳನ್ನೆಲ್ಲ ಆರಿಸಿ, ರೈಲುಗಾಡಿ ಧಾವಿಸುವ ಸದ್ದಿನ ತಟ್ಟೆಯನ್ನು ಕತ್ತಲೆಯಲ್ಲಿ ಹಾಕುವರು. ಸಭೆ ಗಾಬರಿಯಿಂದಲೂ ಸಂತೋಷದಿಂದಲೂ ಕೂಗಿಕೊಳ್ಳುವುದು. ಆ ಊರಿನ ತಟ್ಟೆಯಂಗಡಿಯೊಂದರಲ್ಲಿ, ವೇರ್‌ಹೌಸಿನಲ್ಲಿ ಕೇಳಿದ ಹಾಡುಗಳು ಎಂದು ಚೀಟಿ ಹಚ್ಚಿ ಮಾರುತ್ತಿದ್ದರಂತೆ. ಆ ಉದ್ದನೆಯ ಹೆಸರು ಗಿರಾಕಿಗಳ ಬಾಯಲ್ಲಿ ಸವೆದು ‘ಹೌಸ್’ ಎಂದಾಯಿತು. ಉಗ್ರಾಣ ಹೀಗೆ ಮನೆಯಾಯಿತು.

ಈ ನಡುವೆ ಅದೇ ನಗರದಲ್ಲಿ ಒಂದು ಸಂಗತಿ ನಡೆಯಿತು. ಹಿಂದಿನ ಐದಾರು ವರ್ಷ ಅಮೆರಿಕವನ್ನು ಕುಣಿಸಿದ ‘ಡಿಸ್ಕೊ’ ಸಂಗೀತದ ಮೇಲೆ ರಾಕ್ ಸಂಗೀತದ ಅಭಿಮಾನಿಗಳಲ್ಲಿ ಹಗೆ ಬೆಳೆದಿದ್ದಿತು. ೧೯೭೯ರ ಜುಲೈ ೧೨ರಂದು, ಕೊಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ, ಸ್ಟೀವ್ ಡಾಲ್ ಎಂಬ ರೇಡಿಯೊ ನಿರೂಪಕರು, ಪ್ರೇಕ್ಷಕರು ತಂದ ಡಿಸ್ಕೊ ತಟ್ಟೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಸಿಡಿಮದ್ದಿನಿಂದ ಹಾರಿಸಿದರು. ಜನ ಮೈದಾನಕ್ಕೆ ನುಗ್ಗಿ ದೊಂಬಿಯಾಗಿ ಆ ದಿನದ ಎರಡನೆಯ ಆಟವೇ ನಿಂತುಹೋಯಿತು. ಅಂದು ಆ ಮೈದಾನದಲ್ಲಿ ಪ್ರೇಕ್ಷಕರಿಗೆ ಸ್ಥಳ ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪುಜನರ ಹುಡುಗನು, ತಂದು ಸುರಿದ ತಟ್ಟೆಗಳಲ್ಲಿ ಎಷ್ಟೋ ಡಿಸ್ಕೊ ಅಲ್ಲವೇ ಅಲ್ಲ, ಕಪ್ಪು ಗಾಯಕರ ತಟ್ಟೆಗಳು ಎಂಬುದನ್ನು ಕಂಡನು. ಸಿಂಥಸೈಸರ್ ಎಂಬ ವಾದ್ಯವನ್ನು ಕೊಳ್ಳಬೇಕೆಂದು ಅವನು ಕೂಲಿಯ ಹಣವನ್ನು ಕೂಡಿಡುತ್ತಿದ್ದನು. ಮುಂದೆ ೧೯೮೪ರಲ್ಲಿ ಅವನೂ ಜೆಸ್ಸಿ ಸಾಂಡರ್ಸ್ ಎಂಬ ಗೆಳೆಯನೂ ಸೇರಿ ‘ಆನ್ ಅಂಡ್ ಆನ್’ ಎಂಬ ತಟ್ಟೆಯನ್ನು ಹೊರತಂದರು. ಹೌಸ್ ಸಂಗೀತದ ಮೊತ್ತಮೊದಲ ತಟ್ಟೆಗಳಲ್ಲಿ ಅದೊಂದು.

ಆ ಬೆಂಕಿಯ ಫಲವೇನಾಯಿತೆಂದರೆ, ದೊಡ್ಡ ಕಂಪೆನಿಗಳು ಡಿಸ್ಕೊ ತಟ್ಟೆಗಳನ್ನು ಹೊರತರುವುದನ್ನು ಬಹುಮಟ್ಟಿಗೆ ನಿಲ್ಲಿಸಿದುವು. ಹೊಸ ಸರಕಿಲ್ಲದೆ ನಕಲ್ಸರು ಹಳೆಯದನ್ನೇ ಹೊಸದುಮಾಡಬೇಕಾಯಿತು. ಹಾಡನ್ನು ಟೇಪಿಗೆ ಇಳಿಸಿ, ಟೇಪನ್ನು ಕತ್ತರಿಸಿ ಅಂಟಿಸಿ, ಮೂರು ನಿಮಿಷದ ಹಾಡಿನ ತಾಳಭಾಗವನ್ನು ಉದ್ದಮಾಡಿದರು. ೧೯೮೩ರಲ್ಲಿ ‘ಪವರ್ ಪ್ಲಾಂಟ್’ ಎಂಬ ಸ್ವಂತ ಶಾಲೆಯನ್ನು ತೆರೆದರು. ಡೆಟ್ರಾಯ್ಟಿನ ಡೆರಿಕ್ ಮೇ ಎಂಬ ತರುಣನಿಂದ ತಾಳದ ಯಂತ್ರವೊಂದನ್ನು ಕೊಂಡು ಅದರ ಪೆಟ್ಟನ್ನು ತಟ್ಟೆಗಳ ಅಡಿಗೆ ಸೇರಿಸಿದರು. ಸಾಮಗ್ರಿ ತೀರಿದ ಅಡಿಗೆಮನೆಯಲ್ಲಿ ಇದ್ದುದರಿಂದಲೇ ಹೊಸ ರುಚಿಯನ್ನು ಹುಟ್ಟಿಸುವ ಗೃಹಿಣಿಯ ಜಾಣ್ಮೆ ಅದು. ಹೌಸ್ ಎಂಬುದು ಡಿಸ್ಕೊ ತೀರಿಸಿಕೊಂಡ ಹಗೆ ಎಂದು ನಕಲ್ಸರು ಮುಂದೆ ವಿನೋದವಾಗಿ ಹೇಳಿದುದುಂಟು.

ಮೂಲದ ಒರತೆಗಳು

ಈ ಗಾನಕ್ಕೆ ನೀರು ಬಂದ ಒರತೆಗಳು ಮುಖ್ಯವಾಗಿ ಮೂರು. ಮೊದಲನೆಯದು ಫಿಲಡೆಲ್ಫಿಯ ನಗರ. ಅಲ್ಲಿ ೧೯೭೧ರಲ್ಲಿ ಕೆನ್ನಿ ಗ್ಯಾಂಬಲ್, ಲಿಯಾನ್ ಹಫ್ ಎಂಬಿಬ್ಬರು ಸ್ಥಾಪಿಸಿದ ತಟ್ಟೆಯ ಸಂಸ್ಥೆ ಪಿಟೀಲುಗಳ ಮೇಳವನ್ನೂ ತುತ್ತೂರಿಗಳನ್ನೂ ಕಪ್ಪುಜನರ ಹಾಡಿಗೆ ಜೊತೆಗೂಡಿಸಿತು. ಅಲ್ಲಿಯ ಡ್ರಮ್ ವಾದಕ ಅರ್ಲ್ ಯಂಗ್ ೧೯೭೩ರಲ್ಲಿ ಹೆರಾಲ್ಡ್ ಮೆಲ್ವಿನ್ ಮೇಳದ ಒಂದು ಹಾಡಿಗೆ ನುಡಿಸಿದ ತಾಳವೇ ಮುಂದಿನದಕ್ಕೆಲ್ಲ ಅಚ್ಚಾಯಿತೆಂದು ಬಲ್ಲವರು ಹೇಳುವರು. ನಾಲ್ಕೆಣಿಕೆಯ ಆವರ್ತ, ನಾಲ್ಕಕ್ಕೂ ದೊಡ್ಡ ಡ್ರಮ್ಮಿನ ಸಮನಾದ ಪೆಟ್ಟು, ಎರಡು ಪೆಟ್ಟುಗಳ ನಡುವೆ ಜೋಡಿತಾಳದ ಸಣ್ಣ ಸುಯ್ಲು. ಹೌಸ್ ಸಂಗೀತದಲ್ಲಿ ಇದು ನಿಮಿಷಕ್ಕೆ ಸುಮಾರು ೧೨೦ರಿಂದ ೧೨೫ ಪೆಟ್ಟುಗಳ ವೇಗದಲ್ಲಿ ನಡೆಯುವುದು.

ಎರಡನೆಯ ಒರತೆ ಕಪ್ಪುಜನರ ಚರ್ಚು. ಪಾದ್ರಿಯು ಒಂದು ಮಾತನ್ನು ಕೂಗುವನು, ಸಭೆ ಮರುಕೂಗುವುದು. ಪಿಯಾನೊ, ಆರ್ಗನ್ನುಗಳು ಆ ಕೂಗನ್ನು ಮೇಲಕ್ಕೇರಿಸುವುವು. ಷಿಕಾಗೊ ನಗರದಲ್ಲಿ ೧೯೪೬ರಲ್ಲಿ ಹುಟ್ಟಿದ ಲೊಲಿಯಾಟ ಹಾಲೊವೇ ಎಂಬಾಕೆ ಮೊದಲು ಹಾಡಿದುದು ಚರ್ಚಿನ ಮೇಳಗಳಲ್ಲಿ. ಆಕೆಯ ‘ಲವ್ ಸೆನ್ಸೇಷನ್’ ಎಂಬ ೧೯೮೦ರ ಹಾಡು ಈ ಡಿ.ಜೆ.ಗಳ ಕೈಯಲ್ಲಿ ಚಿರಂಜೀವಿಯಾಯಿತು. ಆದರೆ ಆ ಚಿರಂಜೀವಿತ್ವಕ್ಕೆ ಆಕೆ ಬೆಲೆ ತೆರಬೇಕಾಯಿತು. ೧೯೮೯ರಲ್ಲಿ ಇಟಲಿಯ ಒಂದು ಮೇಳ ಆಕೆಯ ಕಂಠವನ್ನು ಆ ತಟ್ಟೆಯಿಂದ ಕತ್ತರಿಸಿ ತನ್ನ ಹಾಡಿಗೆ ಸೇರಿಸಿಕೊಂಡಿತು. ಅದನ್ನು ಪ್ರದರ್ಶಿಸುವಾಗ ಬೇರೊಬ್ಬ ತರುಣಿಯನ್ನು ನಿಲ್ಲಿಸಿ ತುಟಿಯಾಡಿಸಿದರು. ಹಾಡು ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೇರಿತು. ಕಂಠದ ಒಡತಿಗೆ ಪರಿಹಾರ ದೊರೆತುದು ವ್ಯಾಜ್ಯದ ಮೂಲಕ. ಬೇರೊಬ್ಬರ ಹಾಡಿನಿಂದ ಬಾಳುವ ವಿದ್ಯೆಯಲ್ಲಿ ಈ ಅನ್ಯಾಯದ ಅಪಾಯ ಯಾವಾಗಲೂ ಇರುವುದು. ಹಾಡಿದವರ ಹೆಸರನ್ನು ಮುಂದಿಡುವ ಡಿ.ಜೆ.ಗೂ, ಮುಚ್ಚಿಡುವವನಿಗೂ ಇರುವ ಅಂತರ ಧರ್ಮದ ಅಂತರ.

ಮೂರನೆಯದು ಕೆರಿಬಿಯನ್ ದ್ವೀಪಗಳ ಸಂಗೀತ. ಪೋರ್ಟೊ ರಿಕೊ ಮೂಲದ ಮನೆತನದಲ್ಲಿ ೧೯೬೫ರಲ್ಲಿ ಬ್ರಾಂಕ್ಸಿನಲ್ಲಿ ಹುಟ್ಟಿದ ಲೂಯಿ ವೇಗಾ ಇದಕ್ಕೆ ನಿದರ್ಶನ. ತಂದೆ ಸ್ಯಾಕ್ಸಫೋನ್ ವಾದಕರು. ಸೋದರಮಾವ ಹೆಕ್ಟರ್ ಲವೋ ಸಾಲ್ಸಾ ಸಂಗೀತದ ಸುಪ್ರಸಿದ್ಧ ಗಾಯಕರು. ನರ್ತನಶಾಲೆಗಳ ಸಂಗೀತ ಅಕ್ಕಂದಿರ ಮೂಲಕ ಮನೆಗೆ ಬಂದಿತು. ವೇಗಾ ಮತ್ತು ಕೆನ್ನಿ ಗೊನ್ಜಾಲೆಸ್ ಕೂಡಿ ೧೯೯೭ರಲ್ಲಿ ‘ನ್ಯೂಯೊರಿಕನ್ ಸೋಲ್’ ಎಂಬ ಸಂಪುಟವನ್ನು ತಂದಾಗ, ಟಿಟೊ ಪ್ವೆಂಟೆ, ರಾಯ್ ಏಯರ್ಸ್, ಜಾರ್ಜ್ ಬೆನ್ಸನ್ ಮೊದಲಾದ ಹಿರಿಯ ವಾದಕರನ್ನು ಕರೆದು ಅವರ ಕೈಯಿಂದಲೇ ನುಡಿಸಿದರು. ಹಳೆಯ ತಟ್ಟೆಗಳಿಂದ ಕಲಿತವರು ಆ ತಟ್ಟೆಗಳ ಕರ್ತೃಗಳನ್ನೇ ಮನೆಗೆ ಕರೆದು ಸತ್ಕರಿಸಿದಂತಾಯಿತು.

ಹಬ್ಬಿದ ಬಳ್ಳಿ

ನ್ಯೂಯಾರ್ಕಿಗೆ ಸಮೀಪದ ನ್ಯೂವಾರ್ಕ್ ಎಂಬ ಊರಿನ ‘ಜಾಂಜಿಬಾರ್’ ಶಾಲೆಯಲ್ಲಿ ಟೋನಿ ಹಂಫ್ರೀಸರು ೧೯೮೦ರ ದಶಕದಲ್ಲಿ ಚರ್ಚಿನ ಗಾನದ ಕಳೆ ಹೆಚ್ಚಾಗಿರುವ ಒಂದು ಶೈಲಿಯನ್ನೇ ನೆಲೆಗೊಳಿಸಿದರು. ೧೯೯೬ರಲ್ಲಿ ಫ್ರಾನ್ಸ್ವಾ ಕೆವೋರ್ಕಿಯನ್, ಡ್ಯಾನಿ ಕ್ರಿವಿಟ್, ಜೋ ಕ್ಲಾಸೆಲ್ ಎಂಬ ಮೂವರು ನ್ಯೂಯಾರ್ಕಿನಲ್ಲಿ ‘ಬಾಡಿ ಅಂಡ್ ಸೋಲ್’ ಎಂಬ ಕೂಟವನ್ನು ಆರಂಭಿಸಿದರು. ಅದು ನಡೆಯುತ್ತಿದ್ದುದು ರಾತ್ರಿಯಲ್ಲಿ ಅಲ್ಲ, ಭಾನುವಾರದ ಮಧ್ಯಾಹ್ನದಲ್ಲಿ.

ಕಡಲಾಚೆಯ ದಕ್ಷಿಣ ಆಫ್ರಿಕದಲ್ಲಿ ಈ ಬಳ್ಳಿಗೆ ಎರಡನೆಯ ತವರೇ ದೊರೆಯಿತು. ಡರ್ಬನ್ನಿನಲ್ಲಿ ೧೯೭೬ರಲ್ಲಿ ಹುಟ್ಟಿ ‘ಬ್ಲ್ಯಾಕ್ ಕಾಫಿ’ ಎಂದು ಪ್ರಸಿದ್ಧರಾದ ಡಿ.ಜೆ.ಯವರ ಬಾಳು ಇದಕ್ಕೆ ಸಾಕ್ಷಿ. ೧೯೯೦ರ ಫೆಬ್ರವರಿಯಲ್ಲಿ ನೆಲ್ಸನ್ ಮಂಡೇಲರ ಬಿಡುಗಡೆಯ ಸಂಭ್ರಮದಲ್ಲಿದ್ದ ಗುಂಪಿನ ಮೇಲೆ ಮೋಟಾರೊಂದು ನುಗ್ಗಿದುದರಿಂದ, ೧೩ ವರ್ಷದ ಆ ಬಾಲಕನ ಎಡಗೈ ಶಕ್ತಿಯನ್ನು ಕಳೆದುಕೊಂಡಿತು. ಎರಡು ಯಂತ್ರಗಳನ್ನು ನಡೆಯಿಸಬೇಕಾದ ವಿದ್ಯೆಯನ್ನು ಅವರು ಒಂದೇ ಕೈಯಿಂದ ಸಾಧಿಸಿದರು. ೨೦೨೨ರಲ್ಲಿ ಅವರ ಸಂಪುಟಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಇನ್ನು ನಕಲ್ಸರ ಮಾತು. ಅವರು ನ್ಯೂಯಾರ್ಕಿಗೆ ಹಿಂದಿರುಗಿ ಡೇವಿಡ್ ಮೊರಾಲಿಸರೊಡನೆ ‘ಡೆಫ್ ಮಿಕ್ಸ್’ ಎಂಬ ಬಳಗದಲ್ಲಿ ದುಡಿದರು. ಜಪಾನಿನ ಸತೋಶಿ ತೊಮಿಯೆ ಜೊತೆಗೂಡಿ ೧೯೮೯ರಲ್ಲಿ ‘ಟಿಯರ್ಸ್’ ಎಂಬ ಹಾಡನ್ನು ಹೊರತಂದರು; ೧೯೯೧ರಲ್ಲಿ ಅವರ ‘ದಿ ವಿಸಲ್ ಸಾಂಗ್’ ಹೊರಬಂದಿತು. ೧೯೯೮ರಲ್ಲಿ ಗ್ರ್ಯಾಮಿ ಸಂಸ್ಥೆ ಹಾಡುಗಳನ್ನು ಮರುರೂಪಿಸುವವರಿಗೆ ಮೊದಲ ಬಾರಿಗೆ ಒಂದು ಪ್ರಶಸ್ತಿಯನ್ನು ಏರ್ಪಡಿಸಿದಾಗ ಅದು ಅವರಿಗೇ ಸಂದಿತು. ೨೦೦೪ರಲ್ಲಿ ಷಿಕಾಗೊ ನಗರವು ಉಗ್ರಾಣವಿದ್ದ ಬೀದಿಯ ಭಾಗಕ್ಕೆ ಅವರ ಹೆಸರನ್ನಿಟ್ಟಿತು. ಅದಕ್ಕೆ ನೆರವಾದವರಲ್ಲಿ ಆಗ ರಾಜ್ಯದ ಸೆನೆಟರಾಗಿದ್ದ ಬರಾಕ್ ಒಬಾಮರೂ ಒಬ್ಬರು. ಸಿಹಿಮೂತ್ರರೋಗದಿಂದ ಬಳಲಿ ೨೦೧೪ರ ಮಾರ್ಚ್ ೩೧ರಂದು ೫೯ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ತಟ್ಟೆಗಳ ಭಂಡಾರ ಆ ನಗರದ ದಕ್ಷಿಣಭಾಗದಲ್ಲಿ, ಹಿಂದೆ ಬ್ಯಾಂಕಾಗಿದ್ದು ಈಗ ಕಲಾಭವನವಾಗಿರುವ ಕಟ್ಟಡದಲ್ಲಿ ಸುರಕ್ಷಿತವಾಗಿದೆ. ೨೦೨೩ರ ಜೂನ್ ತಿಂಗಳಲ್ಲಿ ನಗರಸಭೆಯು ಆ ಹಳೆಯ ಉಗ್ರಾಣದ ಕಟ್ಟಡವನ್ನು ಕೆಡಹಕೂಡದ ಸ್ಮಾರಕವೆಂದು ಸಾರಿತು. ಯಾವ ನಗರದಲ್ಲಿ ತಟ್ಟೆಗಳನ್ನು ಸುಟ್ಟರೋ ಅದೇ ನಗರದಲ್ಲಿ ತಟ್ಟೆಗಳಿಗೆ ಭಂಡಾರವಾಯಿತು. ಯಾವ ಜನಕ್ಕೆ ಊರಿನಲ್ಲಿ ಸ್ಥಳವಿರಲಿಲ್ಲವೋ ಅವರು ಕೂಡಿದ ಸ್ಥಳವೇ ಊರಿನ ಹೆಮ್ಮೆಯಾಯಿತು. ಅದಕ್ಕೆ ೪೪ ವರ್ಷ ಹಿಡಿಯಿತು. ಲೆವ್ಯಾನರಂಥ ಅನೇಕರು ಅದನ್ನು ಕಾಣಲು ಉಳಿಯಲಿಲ್ಲ.

ತಟ್ಟೆ ತಿರುಗಿಸುವುದು ವಿದ್ಯೆಯೆ ಎಂಬ ಪ್ರಶ್ನೆಗೆ ಈ ಬಾಳುಗಳೇ ಉತ್ತರವೆಂದು ನಾವು ತಿಳಿಯುತ್ತೇವೆ. ಆಡುವವರಿಗಿಂತ ಹೆಚ್ಚಾಗಿ ಕೇಳಬಲ್ಲವನು, ತನ್ನ ಹಾಡಿಗಿಂತ ಬಂದವರ ಅಗತ್ಯವನ್ನು ದೊಡ್ಡದೆಂದೆಣಿಸುವವನು ಮಾತ್ರ ಈ ಕೆಲಸದಲ್ಲಿ ನಿಲ್ಲಬಲ್ಲನು. ಬೀದಿಯನ್ನು ನಡುಗಿಸುವ ಸದ್ದಿಗೆ ಈ ಗುಣವಿಲ್ಲ. ಅದನ್ನು ಆಕ್ಷೇಪಿಸುವುದಕ್ಕೆ ಹಿರಿಯರಿಗೆ ಹಕ್ಕುಂಟು. ಆದರೆ ಮನೆಯ ಮಗನೋ ಮಗಳೋ ಬಾಗಿಲು ಮುಚ್ಚಿಕೊಂಡು ಇಂಥ ಹಾಡೊಂದನ್ನು ಕೇಳುತ್ತಿದ್ದರೆ, ಗದ್ದಲವೆಂದು ಗದರಿಸುವ ಮೊದಲು ಒಂದು ಹಾಡನ್ನು ಪೂರ್ತಿಯಾಗಿ ಜೊತೆಯಲ್ಲಿ ಕುಳಿತು ಕೇಳಬಾರದೇಕೆ? ಅವರಿಗೆ ಆ ಹಾಡಿನಲ್ಲಿ ದೊರೆಯುವ ಆದರವು ನಮ್ಮ ಪಡಸಾಲೆಯಲ್ಲಿಯೂ ದೊರೆಯುವಂತಾದರೆ, ಬಾಗಿಲು ಮುಚ್ಚುವ ಅಗತ್ಯವೇ ಕಡಮೆಯಾದೀತು.